ಮೇಷ್ಟ್ರು ಸ್ಟ್ರಿಕ್ಟು ಒಪ್ಪಂದ

ಬೂಕನಕೆರೆಯ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದ ಜವರಯ್ಯನವರು ಪಕ್ಕದ ಮನೆಯ ಸ್ವಂತ ತಮ್ಮನ ಜೊತೆ ಒಂಬತ್ತು ವರ್ಷದಿಂದ ಮಾತಾಡಿರಲಿಲ್ಲ. ಆದರೆ ೧೯೯೩ರ ನವೆಂಬರ್ ಒಂದನೆಯ ತಾರೀಕು, ಬೆಳಿಗ್ಗೆ ಒಂಬತ್ತೂವರೆಗೆ, ಶಾಲೆಯ ಮೈದಾನದಲ್ಲಿ ನಿಂತು ಯೂರೋಪಿನ ಹನ್ನೆರಡು ದೇಶಗಳನ್ನು ಒಂದು ಮಾಡಿದರು.

ಅಂದು ರಾಜ್ಯೋತ್ಸವ. ಬಾವುಟ ಏರಿಸಬೇಕಿದ್ದ ಮುಖ್ಯ ಅತಿಥಿಗಳ ಜೀಪು ದಾರಿಯಲ್ಲಿ ಕೆಟ್ಟಿತ್ತು. ಬಿಸಿಲು ಏರುತ್ತಿತ್ತು, ಮಕ್ಕಳ ಕಣ್ಣು ಸಿಹಿಯ ಡಬ್ಬದ ಮೇಲಿತ್ತು. ಹೆಡ್ಮಾಸ್ಟರು ಸುತ್ತ ನೋಡಿದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಪೇಪರು ಇಟ್ಟುಕೊಂಡು ನಿಂತಿದ್ದವರು ಜವರಯ್ಯ ಒಬ್ಬರೇ. ಅವರನ್ನೇ ಭಾಷಣಕ್ಕೆ ಕರೆದರು. ಡೈರಿಗೆ ಬರುವ ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಟೆಂಡರ್ ನೋಟೀಸಿನವರೆಗೆ ಓದುವುದು ಅವರ ವ್ರತ. ಓದಿದ್ದರಲ್ಲಿ ಅರ್ಧ ತಿಳಿಯುತ್ತಿತ್ತು. ಮಿಕ್ಕ ಅರ್ಧವನ್ನು ಅವರೇ ತುಂಬಿಕೊಳ್ಳುತ್ತಿದ್ದರು.

ಮೈಕಿನ ಮುಂದೆ ನಿಂತಾಗ ಜವರಯ್ಯನವರ ಭಾಷೆ ಬದಲಾಗುತ್ತಿತ್ತು. ನಮ್ಮ ಕಡೆಯವರಿಗೆ ಹಕಾರ ಬಾರದು ಎಂದು ಮೈಸೂರಿನವರು ನಗುತ್ತಾರೆಂಬ ನೋವು ಅವರಿಗಿತ್ತು. ಹಾಗಾಗಿ ಭಾಷಣದಲ್ಲಿ ಬೇಕಾದ ಕಡೆಗೂ ಬೇಡದ ಕಡೆಗೂ ಧಾರಾಳವಾಗಿ ಹಕಾರ ಹಾಕುತ್ತಿದ್ದರು.

"ಮಾನ್ಯರೇ," ಎಂದರು. "ಹಿವತ್ತು ಬರೀ ನಮ್ಮ ನಾಡು ಒಂದಾದ ದಿನ ಹಲ್ಲ. ಹಿವತ್ತೇ ಯೂರೋಪಿನಲ್ಲಿ ಹನ್ನೆರಡು ದೇಶಗಳು ಹಣ್ಣತಮ್ಮಂದಿರ ಹಾಗೆ ಒಂದಾಗಿವೆ."

ಹಣ್ಣಿನ ಮಾತು ಕೇಳಿ ಮಕ್ಕಳು ಚಪ್ಪಾಳೆ ತಟ್ಟಿದರು. ಜವರಯ್ಯನವರಿಗೆ ಹುಮ್ಮಸ್ಸು ಬಂದಿತು.

ಹಾಲೆಂಡಿನಲ್ಲಿ ಮಾಸ್ಟ್ರಿಕ್ಟ್ ಎಂಬ ಊರಿದೆ. ಆ ದೇಶಗಳು ಅಲ್ಲಿ ಸೇರಿ ರುಜು ಹಾಕಿದ್ದರಿಂದ ಒಪ್ಪಂದಕ್ಕೂ ಅದೇ ಹೆಸರು. ಪೇಪರಿನಲ್ಲಿ ಅದು ಸರಿಯಾಗಿಯೇ ಅಚ್ಚಾಗಿತ್ತು. ಜವರಯ್ಯನವರು ಮಾತ್ರ ಹೀಗೆ ಹೇಳಿದರು: "ಹನ್ನೆರಡು ದೇಶಗಳೂ ಶಾಲೆ ಮಕ್ಕಳ ಹಾಗೆ ಕಿತ್ತಾಡ್ತಿದ್ದವು. ಹಲ್ಲಿ ಒಬ್ಬರು ಮೇಷ್ಟ್ರು. ಬಹಳ ಸ್ಟ್ರಿಕ್ಟು. ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಕಿವಿ ಹಿಂಡಿ ರುಜು ಹಾಕಿಸಿದರು. ಹದಕ್ಕೇ ಹದಕ್ಕೆ ಮೇಷ್ಟ್ರು ಸ್ಟ್ರಿಕ್ಟು ಒಪ್ಪಂದ ಅಂತ ಹೆಸರು. ಇನ್ನು ಮೇಲೆ ದೇಶ ದೇಶದ ನಡುವೆ ಬೇಲಿ ಇಲ್ಲ, ಸುಂಕ ಇಲ್ಲ, ಯಾರು ಎಲ್ಲಿ ಬೇಕಾದರೂ ಇರಬಹುದು."

ಹೆಡ್ಮಾಸ್ಟರು ಕುರ್ಚಿಯಲ್ಲಿ ನೆಟ್ಟಗಾದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ತಮ್ಮ ಕಸುಬಿನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅವರು ಕೇಳಿರಲಿಲ್ಲ.

ಆಗ ಹಿಂದೆ ಕಾಂಪೌಂಡಿನ ಮೇಲೆ ಕೂತಿದ್ದ ತಮ್ಮ ಶಿವಶಂಕರ, ಅಣ್ಣನ ಜೊತೆ ಮಾತಿಲ್ಲವಾದ್ದರಿಂದ, ಊರಿನವರನ್ನು ಉದ್ದೇಶಿಸಿ ಹೇಳಿದ: "ಅನ್ನೆಲ್ಡು ದೇಸದ ಬೇಲಿ ಕಿತ್ತಾಕುದ್ರಂತೆ ಕಣ್ರಪ್ಪ. ಅವ್ರ ಮನೆ ಇತ್ಲಲ್ಲಿ ಒಂದು ಕಳ್ಳಿಬೇಲಿ ಅದೆ. ಅದ್ನ ಕೀಳಕ್ಕೆ ಯಾವ ಮೇಷ್ಟ್ರು ಬರ್ಬೇಕಂತೆ, ವಸಿ ಕೇಳಿ."

ಮೈದಾನವೇ ನಕ್ಕಿತು. ಜವರಯ್ಯನವರ ಹಕಾರಗಳೆಲ್ಲ ಒಮ್ಮೆಗೇ ಉದುರಿಹೋದವು. "ಎಂಟು ದಿನ," ಎಂದರು ಮೈಕಿನಲ್ಲೇ. "ಎಂಟು ದಿನದಾಗೆ ನಮ್ ಬೀದಿಲೂ ಒಪ್ಪಂದ ಆಯ್ತದೆ. ಬೇಲಿನೂ ಓಯ್ತದೆ. ಊರೇ ಬಂದು ನೋಡಿ."

ನಾನು ಅದೇ ಬೀದಿಯ ಕೊನೆಯ ಮನೆಯವನು. ಕೆ.ಆರ್. ಪೇಟೆಯಲ್ಲಿ ಕ್ರಯಪತ್ರ, ವಿಭಾಗಪತ್ರ ಬರೆಯುವುದು ನನ್ನ ಕಸುಬು. ಊರಿನಲ್ಲಿ ನನ್ನನ್ನು ರೈಟ್ರು ಎನ್ನುತ್ತಾರೆ. ಅಣ್ಣತಮ್ಮಂದಿರ ವಿಭಾಗಪತ್ರ ಬರೆದದ್ದೂ ನಾನೇ. ಹೊಲ, ಮನೆ, ಎತ್ತು, ಒನಕೆಯವರೆಗೆ ಎಲ್ಲವನ್ನೂ ಹಂಚಿ ಬರೆದೆ. ಹಿತ್ತಲಿನ ನುಗ್ಗೆಮರವೊಂದು ಕೈತಪ್ಪಿತು. ಅದರ ಬುಡ ಅಣ್ಣನ ಭಾಗದಲ್ಲಿ, ಕೊಂಬೆಗಳೆಲ್ಲ ತಮ್ಮನ ಭಾಗದಲ್ಲಿ. ಮೊದಲ ಫಸಲಿನಲ್ಲೇ ಮಾತು ನಿಂತಿತು, ಎರಡನೆಯದಕ್ಕೆ ಕಳ್ಳಿಬೇಲಿ ಬಂತು.

ಜವರಯ್ಯನವರ ಇನ್ನೊಂದು ಪಕ್ಕದಲ್ಲಿ ಟೆಂಪೊ ಇಟ್ಟಿದ್ದ ಅಬ್ದುಲ್ ವಾಹಿದ್ ಸಾಹೇಬರ ಮನೆ. ಅವರ ಹೆಂಡತಿ ಅಸ್ಗರಿ ಬೇಗಂ ಸಾಕಿದ ಮೇಕೆಗಳು ಸೋಮಮ್ಮನವರ ಸೊಪ್ಪಿನ ಮಡಿಗೆ ನುಗ್ಗಿದವೆಂದು ಆ ಕಡೆ ತಗಡಿನ ಗೋಡೆ ಎದ್ದಿತ್ತು. ಸೋಮಮ್ಮ ಎಂದರೆ ಜವರಯ್ಯನವರ ಹೆಂಡತಿ. ತಗಡು ಎದ್ದ ಮೇಲೆ ಟೆಂಪೊ ತಿರುಗಿಸಲು ಜಾಗವಿಲ್ಲ. ವಾಹಿದ್ ಸಾಹೇಬರು ದಿನಾ ಬೆಳಿಗ್ಗೆ ಇಡೀ ಬೀದಿಯನ್ನು ಹಿಮ್ಮುಖವಾಗಿ ದಾಟಿ, ಎಲ್ಲರನ್ನೂ ಎಬ್ಬಿಸಿ, ರಸ್ತೆ ಸೇರುತ್ತಿದ್ದರು.

ಭಾನುವಾರ ಮಧ್ಯಾಹ್ನ ಜವರಯ್ಯನವರ ಜಗುಲಿಯಲ್ಲಿ ಮಾತುಕತೆ ಸೇರಿತು. ನನ್ನನ್ನು ಛಾಪಾಕಾಗದದ ಸಮೇತ ಕರೆಸಿದ್ದರು. ಶಿವಶಂಕರ ಬರುವುದಿಲ್ಲವೆಂದೇ ನಾನು ಎಣಿಸಿದ್ದೆ. ಆದರೆ ಊರೆದುರು ಕೆಣಕಿದವನು ಅವನು, ಬಾರದಿದ್ದರೆ ಸೋತಂತೆ. ಹೆಂಡತಿ ಮಂಚಮ್ಮನೊಂದಿಗೆ ಬಂದು ಜಗುಲಿಯ ಅಂಚಿನಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ ಕೂತ.

ಮೊದಲನೆಯ ಕಲಮು ಸಲೀಸಾಗಿ ಆಯಿತು: ಬೇಲಿ ಮತ್ತು ತಗಡು ತೆಗೆಯತಕ್ಕದ್ದು, ಜನ, ಕೋಳಿ, ಮೇಕೆ ಮತ್ತು ಟೆಂಪೊ ಮೂರು ಮನೆಯ ಹಿತ್ತಲಲ್ಲೂ ನಿರಾತಂಕವಾಗಿ ಸಂಚರಿಸತಕ್ಕದ್ದು. ಎರಡನೆಯದು ನುಗ್ಗೆಮರ. ಬುಡ, ಕೊಂಬೆ, ಕಾಯಿ, ಸೊಪ್ಪು ಸಹಿತ ಮೂವರಿಗೂ ಸೇರಿದ್ದು.

"ಅವ್ರು ಮುಂದಕ್ಕೆ ಒಂದೇ ನಾಣ್ಯ ತರ್ತಾರಂತೆ," ಎಂದರು ಜವರಯ್ಯ. "ಆ ದೇಸದ ದುಡ್ಡು ಈ ದೇಸದಲ್ಲೂ ನಡೀಬೇಕಂತೆ."

ವಾಹಿದ್ ಸಾಹೇಬರು ಸ್ವಲ್ಪ ಯೋಚಿಸಿದರು. "ಜವರಯ್ಯ, ನಮ್ಮ ಮೂರು ಮನೇಲೂ ರೂಪಾಯಿನೇ ತಾನೆ ನಡೀತಿರೋದು?"

ಜವರಯ್ಯನವರೂ ಯೋಚಿಸಿದರು. ಆಮೇಲೆ ಗಂಭೀರವಾಗಿ ನನ್ನ ಕಡೆ ತಿರುಗಿ, "ಬರ್ಕೊಳಿ ರೈಟ್ರೇ. ಈ ವಿಸ್ಯದಾಗೆ ನಾವು ಯೂರೋಪಿಗಿಂತ ಮುಂದಿದೀವಿ," ಎಂದರು. ನಾನು ಬರೆದುಕೊಂಡೆ.

ಮೂರನೆಯ ಕಲಮು ವಿದೇಶಾಂಗ ನೀತಿ. ಹೊರಗಿನವರು ಯಾರಾದರೂ ಒಂದು ಮನೆಯ ಮೇಲೆ ಜಗಳಕ್ಕೆ ಬಂದರೆ ಮೂರು ಮನೆಯವರೂ ಸೇರಿ ಜಗಳವಾಡತಕ್ಕದ್ದು. ಹೊರಗಿನವರು ಎಂದರೆ ಯಾರೆಂದು ಕೇಳಿದೆ. ಎಲ್ಲರೂ ನನ್ನನ್ನೇ ನೋಡಿದರು. ಬೀದಿಯಲ್ಲಿ ಉಳಿದದ್ದು ನನ್ನ ಮನೆ ಒಂದೇ.

ನಾಲ್ಕನೆಯದೇ ಮುಖ್ಯವಾದದ್ದು: ಇಂದಿನಿಂದ ಮೂರೂ ಮನೆಯವರು ಒಂದೇ ಕುಟುಂಬವೆಂದು ಭಾವಿಸತಕ್ಕದ್ದು. ಒಬ್ಬೊಬ್ಬರಾಗಿ ರುಜು ಹಾಕಿದರು. ಪೆನ್ನು ಮಂಚಮ್ಮನ ಹತ್ತಿರ ಬಂದು ನಿಂತಿತು.

"ನಾನು ಒಪ್ಪಾಕಿಲ್ಲ ಬಾವ," ಎಂದಳು. "ಮರ, ಬೇಲಿ, ಎಲ್ಲಾ ಸರಿ. ಆದ್ರೆ ಒಂದೇ ಮನೆ ಅಂದ್ರೆ ಸೋಮಕ್ಕ ನಮ್ ಅಡಿಗೆಮನೆಗೆ ಬಂದು ಉಪ್ಪಿನ್ಕಾಯಿ ಜಾಡಿ ಮುಚ್ಚಳ ತೆಗೀತಾರೆ."

"ನಿನ್ ಉಪ್ಪಿನ್ಕಾಯಿ ಯಾರಿಗ್ ಬೇಕು ಬುಡವ್ವ," ಎಂದರು ಸೋಮಮ್ಮ. ಒಂಬತ್ತು ವರ್ಷದಲ್ಲಿ ಓರಗಿತ್ತಿಗೆ ಅವರು ಆಡಿದ ಮೊದಲ ಮಾತು ಅದು.

ನಾನು ಕಾಗದ ಮಡಿಸತೊಡಗಿದೆ. ಜವರಯ್ಯ ನನ್ನ ಕೈ ಹಿಡಿದರು. ಅವರ ಮುಖದಲ್ಲಿ ನಿರಾಶೆಯ ಬದಲು ಸಂತೋಷವಿತ್ತು. "ಇರಿ ರೈಟ್ರೇ. ಅಲ್ಲೂ ಇಂಗೇ ಆಗಿತ್ತಂತೆ. ಡೆನ್ಮಾರ್ಕು ಮೊದ್ಲು ಆಗಾಕಿಲ್ಲ ಅಂತ ಅಟ ಮಾಡ್ತಂತೆ. ಆಮೇಲೆ ನಾಕು ವಿನಾಯ್ತಿ ಕೊಟ್ಟು ಒಪ್ಪಿಸುದ್ರಂತೆ."

"ಡೆನ್ಮಾರ್ಕು ಯಾರ ಮನೆ ಸೊಸೆ?" ಎಂದು ಮಂಚಮ್ಮ ಕೇಳಿದಳು.

"ಅದು ಎಂಗ್ಸಲ್ಲ ಕಣವ್ವ. ದೇಸ."

"ಯಾರಾದ್ರೂ ಆಗ್ಲಿ, ಬುದ್ವಂತೆ. ನಂಗೂ ನಾಕು ಕೊಡಿ."

ಉಪ್ಪಿನಕಾಯಿ ಜಾಡಿ, ತುಪ್ಪದ ಗಡಿಗೆ, ಕಾವಿಗೆ ಕೂತ ಹೇಂಟೆ, ತವರಿನಿಂದ ಬಂದ ಕಬ್ಬಿಣದ ಟ್ರಂಕು. ಈ ನಾಲ್ಕನ್ನು ಒಕ್ಕೂಟದಿಂದ ಹೊರಗಿಟ್ಟು ಷರಾ ಬರೆದ ಮೇಲೆ ಮಂಚಮ್ಮ ರುಜು ಹಾಕಿದಳು. ಅಸ್ಗರಿ ಬೇಗಂ ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದವರು, "ನಾನು ಮೊದಲೇ ರುಜು ಹಾಕಿ ಮೋಸ ಹೋದೆ," ಎಂದರು.

ಮಾರನೆಯ ದಿನ ಬೇಲಿ ಹೋಯಿತು. ಊರಿನವರು ಮೂರು ದಿನ ಬಂದು ನೋಡಿದರು. ವಾಹಿದ್ ಸಾಹೇಬರು ಜವರಯ್ಯನವರ ಹಿತ್ತಲಿನಲ್ಲಿ ಟೆಂಪೊವನ್ನು ಒಂದೇ ಏಟಿಗೆ ತಿರುಗಿಸಿ, ಇಳಿದು, ಮತ್ತೆ ಹತ್ತಿ ಇನ್ನೊಮ್ಮೆ ತಿರುಗಿಸಿದರು. ಮೂರು ಮನೆಯ ಹಾಲಿನ ಕ್ಯಾನು ಅದೇ ಟೆಂಪೊದಲ್ಲಿ ಡೈರಿಗೆ ಹೋಗತೊಡಗಿತು. ಅಸ್ಗರಿ ಬೇಗಂ ಮೂರು ಮನೆಯ ಹರಿದ ಬಟ್ಟೆಗಳನ್ನೆಲ್ಲ ತಮ್ಮ ಮಿಶನ್ನಿನಲ್ಲಿ ಹೊಲಿದರು. ಶಿವಶಂಕರ ನುಗ್ಗೆಕಾಯಿ ಕಿತ್ತು ಮೂರು ಪಾಲು ಮಾಡಿ, ಅಣ್ಣನ ಪಾಲನ್ನು ಮಾತಿಲ್ಲದೆ ಜಗುಲಿಯ ಮೇಲಿಟ್ಟು ಹೋದ. ಜವರಯ್ಯನವರೂ ಮಾತಿಲ್ಲದೆ ಒಳಗೆ ತೆಗೆದುಕೊಂಡರು. ಒಪ್ಪಂದದಲ್ಲಿ ಅಣ್ಣತಮ್ಮಂದಿರು ಮಾತಾಡಬೇಕೆಂಬ ಕಲಮು ಇರಲಿಲ್ಲ. ಅದನ್ನೂ ಮರೆತವನು ನಾನೇ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಯೂರೋಪಿನವರು ತಮ್ಮ ಒಪ್ಪಂದದ ಪ್ರತಿಯನ್ನು ರೋಮ್‌ನಲ್ಲಿ ಸರ್ಕಾರದ ವಶಕ್ಕೆ ಕೊಟ್ಟಿದ್ದಾರೆಂದು ಜವರಯ್ಯನವರು ಎಲ್ಲೋ ಓದಿದರು. ನಮ್ಮ ರೋಮ್ ಯಾವುದೆಂದು ಎರಡು ದಿನ ಯೋಚಿಸಿ, ಕೊನೆಗೆ ಒಂದು ಪ್ರತಿಯನ್ನು 'ತಮ್ಮ ಮಾಹಿತಿಗಾಗಿ ಮತ್ತು ಮುಂದಿನ ಸೂಕ್ತ ಕ್ರಮಕ್ಕಾಗಿ' ಎಂದು ಮೇಲೆ ಬರೆದು ತಾಲ್ಲೂಕು ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು.

ಸೂಕ್ತ ಕ್ರಮ ಬೇಡವೆಂದರೆ ಸರ್ಕಾರ ಸುಮ್ಮನಿರಬಹುದು. ಬೇಕೆಂದು ಬರೆದುಕೊಟ್ಟರೆ ಸರ್ಕಾರ ಏನು ಮಾಡಬೇಕು? ಇಪ್ಪತ್ತು ದಿನಕ್ಕೆ ಆಹಾರ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಸೌಮ್ಯ ಮನುಷ್ಯ, ಕೈಯಲ್ಲಿ ಛತ್ರಿ, ಬಗಲಲ್ಲಿ ಫೈಲು.

"ನೀವು ಮೂರೂ ಮನೆಯವರು ಒಂದೇ ಕುಟುಂಬ ಅಂತ ಛಾಪಾಕಾಗದದಲ್ಲಿ ಬರೆದಿದ್ದೀರಿ. ನಿಜವೇ?"

"ನೂರಕ್ಕೆ ನೂರು ನಿಜ ಸಾ," ಎಂದರು ಜವರಯ್ಯ, ಎದೆ ಉಬ್ಬಿಸಿ.

"ಒಂದು ಕುಟುಂಬಕ್ಕೆ ಒಂದು ರೇಷನ್ ಕಾರ್ಡು. ಮೂರನ್ನೂ ಒಪ್ಪಿಸಿ, ಈ ಅರ್ಜಿ ತುಂಬಿಕೊಡಿ."

ಬೇರೆ ಯಾರಾದರೂ ಬೆವರುತ್ತಿದ್ದರು. ಜವರಯ್ಯನವರಿಗೆ ಕೇಳಿಸಿದ್ದು ಒಂದೇ: ಸರ್ಕಾರ ಒಪ್ಪಂದವನ್ನು ಮಾನ್ಯ ಮಾಡಿತು. ಎರಡು ಮನೆಗೂ ಓಡಿ, ಮೊಹರು ಹಾಕಿಸಿಕೊಡುತ್ತೇನೆಂದು ಕಾರ್ಡು ಇಸಿದುಕೊಂಡು ಬಂದು ಒಪ್ಪಿಸಿದರು. ನನ್ನನ್ನು ಕರೆಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಕೆ.ಆರ್. ಪೇಟೆಯಲ್ಲಿದ್ದೆ. ಅರ್ಜಿಯನ್ನು ಅವರೇ ತುಂಬಿದರು.

ಇದರಲ್ಲಿ ನನ್ನ ತಪ್ಪೂ ಇದೆ. ನಾನು ಬರೆಯುವ ಪತ್ರಗಳಲ್ಲಿ 'ಸದರಿ' ಎಂಬ ಪದ ಸಾಲಿಗೊಂದು ಬರುತ್ತದೆ. ಮೇಲೆ ಹೇಳಿದ್ದೇ ಎಂದು ಅದರ ಅರ್ಥ. ಜವರಯ್ಯನವರು ಅದನ್ನು 'ಶ್ರೀಯುತ' ಎಂಬಂಥ ಗೌರವದ ಮಾತೆಂದು ತಿಳಿದಿದ್ದರು. ಅರ್ಜಿಯಲ್ಲಿ ಯಜಮಾನರ ಹೆಸರಿನ ಕೆಳಗೆ ಸದಸ್ಯರ ಹೆಸರು, ಅದರೆದುರು 'ಯಜಮಾನರಿಗೆ ಸಂಬಂಧ' ಎಂಬ ಕಲಂ. ಯಜಮಾನ: ಜವರಯ್ಯ, ಐವತ್ತು ವರ್ಷ. ಸೋಮಮ್ಮ: ಹೆಂಡತಿ. ಮಂಚಮ್ಮನನ್ನು ಏನೆಂದು ಬರೆಯುವುದು? ಒಂದೇ ಕುಟುಂಬವೆಂದ ಮೇಲೆ ತಮ್ಮನ ಹೆಂಡತಿ ಎನ್ನುವುದು ಭೇದಭಾವ. ಆದ್ದರಿಂದ ಗೌರವದಿಂದ 'ಸದರಿ' ಎಂದು ಬರೆದರು. ಅಸ್ಗರಿ ಬೇಗಂ: ಸದರಿ. ಆಮೇಲೆ ತಮ್ಮ ಸ್ವಂತ ಮಗನ ಹೆಸರು: ಮಗ. ಅವನ ಕೆಳಗೆ ಶಿವಶಂಕರ: ಸದರಿ. ಅಬ್ದುಲ್ ವಾಹಿದ್, ಐವತ್ನಾಲ್ಕು ವರ್ಷ: ಸದರಿ. ಕಚೇರಿಯವರು ಅರ್ಜಿಯಲ್ಲಿದ್ದುದನ್ನು ಕಾರ್ಡಿಗೆ ಅಕ್ಷರ ತಪ್ಪದೆ ಇಳಿಸಿದರು.

ಹೊಸ ಕಾರ್ಡು ಹಿಡಿದು ನ್ಯಾಯಬೆಲೆ ಅಂಗಡಿಗೆ ಹೋದವರು ಸೋಮಮ್ಮ. ಸೀಮೆಎಣ್ಣೆ ಬಂದ ದಿನ. ಅರ್ಧ ಊರು ಸಾಲಿನಲ್ಲಿತ್ತು. ಅಂಗಡಿಯವನು ಹೊಸ ಕಾರ್ಡು ಬಂದರೆ ಎಲ್ಲರಿಗೂ ಕೇಳುವಂತೆ ಓದಿ ಖಾತ್ರಿ ಮಾಡಿಕೊಳ್ಳುವ ಶಿಸ್ತಿನವನು.

"ಯಜಮಾನ ಜವರಯ್ಯ. ಸೋಮಮ್ಮ, ಎಂಡ್ತಿ. ಮಂಚಮ್ಮ, ಸದರಿ." ತಡೆದು ಕನ್ನಡಕ ಸರಿಮಾಡಿಕೊಂಡ. "ಅಂದ್ರೆ ಎಂಡ್ತಿ. ಅಸ್ಗರಿ ಬೇಗಂ, ಅದೂ ಸದರಿ."

ಸಾಲಿನವರು ಕತ್ತು ಮುಂದೆ ಚಾಚಿದರು.

"ಅಬ್ದುಲ್ ವಾಹಿದ್," ಎಂದು ಅವನು ಮುಂದುವರಿದ. "ಮಗ."

ಸಾಲಿನಲ್ಲಿದ್ದ ಮುದುಕಿ ಕುಳ್ಳಮ್ಮ ತನ್ನ ಡಬ್ಬ ಕೆಳಗಿಟ್ಟು ಸೋಮಮ್ಮನನ್ನು ಕೇಳಿದಳು: "ಅಲ್ಲ ಕಣವ್ವ, ನಿನ್ ಮಗ ನಿನ್ಗಿಂತ ದೊಡ್ಡೋನಾ?"

ಸೋಮಮ್ಮ ಸೀಮೆಎಣ್ಣೆ ಹಾಕಿಸಿಕೊಂಡರು, ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡರು, ಮನೆಗೆ ಬಂದರು. ಜವರಯ್ಯ ಊಟಕ್ಕೆ ಕೂತಿದ್ದರು. ಸೋಮಮ್ಮ ಮುದ್ದೆ ಬಡಿಸದೆ ಖಾಲಿ ತಟ್ಟೆಯನ್ನು ಎತ್ತಿಕೊಂಡು, "ಮೂರು ಜನ ಎಂಡ್ರವ್ರಲ್ಲ. ಇವತ್ತು ಇನ್ನೊಬ್ಳ ಮನೇಲಿ ಉಣ್ಣೋಗಿ," ಎಂದರು.

ಜವರಯ್ಯನವರು ಅದನ್ನು ಒಪ್ಪಂದದ ಜಾರಿ ಎಂದು ತಿಳಿದು ಸಂತೋಷದಿಂದ ಮಂಚಮ್ಮನ ಮನೆಗೆ ಹೋದರು. ಅಷ್ಟರಲ್ಲಿ ಸುದ್ದಿ ಅಲ್ಲಿಗೂ ತಲುಪಿತ್ತು. ಮಂಚಮ್ಮ ಬಾಗಿಲು ಹಾಕಿಕೊಂಡಳು. ಅಲ್ಲಿಂದ ವಾಹಿದ್ ಸಾಹೇಬರ ಮನೆಗೆ ಹೋದರೆ ಅಸ್ಗರಿ ಬೇಗಂ ಮಿಶನ್ನಿನ ಮುಂದೆ ಕೂತಿದ್ದರು. ಹೊಲಿಗೆ ನಿಲ್ಲಿಸದೆ ಹೇಳಿದರು: "ಬನ್ನಿ ಜವರಣ್ಣ. ಈ ವಯಸ್ಸಲ್ಲಿ ನನ್ಗೆ ಇನ್ನೊಂದು ಶಾದಿ ಮಾಡ್ಸಿದೀರಿ. ಮಾಡ್ಸಿದ ಮೇಲೆ ಒಂದು ಬಿರಿಯಾನಿ ಆದ್ರೂ ಹಾಕ್ಸಬಾರ್ದಿತ್ತಾ?"

ಆಗಲೇ ಅವರಿಗೆ 'ಸದರಿ'ಯ ಅರ್ಥ ತಿಳಿದದ್ದು. ನನ್ನ ಮನೆಗೆ ಓಡಿ ಬಂದರು. ನಾನು ಕಾರ್ಡು ಓದಿದೆ. ನಗಬಾರದೆಂದು ತುಂಬ ಪ್ರಯತ್ನಪಟ್ಟೆ.

ಸುದ್ದಿ ಬಸ್ಸು ಹತ್ತಿತು. ಹತ್ತುವಾಗ ಒಂದು ತಪ್ಪು ಕಾರ್ಡಿನ ಸುದ್ದಿಯಾಗಿದ್ದದ್ದು, ಇಳಿಯುವಾಗ ಜವರಯ್ಯ ಇನ್ನೆರಡು ಮದುವೆ ಮಾಡಿಕೊಂಡನೆಂದು ಆಗಿತ್ತು. ನಾಗಮಂಗಲದ ಕಡೆ ದೇವಲಾಪುರ ಸೋಮಮ್ಮನ ತವರು. ಎರಡನೆಯ ದಿನ ಬೆಳಿಗ್ಗೆ ಅವರ ಅಣ್ಣ ಟ್ರಾಕ್ಟರಿನ ತುಂಬ ಎಂಟು ಜನರನ್ನು ಕೂರಿಸಿಕೊಂಡು ಬಂದ. ಅದೇ ಹೊತ್ತಿಗೆ ಶ್ರೀರಂಗಪಟ್ಟಣದಿಂದ ಅಸ್ಗರಿ ಬೇಗಂ ಅವರ ತಮ್ಮ ಯಾಸಿನ್ ಇಬ್ಬರು ಗೆಳೆಯರೊಂದಿಗೆ ಮೆಟಡಾರಿನಲ್ಲಿ ಇಳಿದ. ಎರಡೂ ದಂಡು ಜವರಯ್ಯನವರ ಬಾಗಿಲಲ್ಲಿ ಎದುರಾದವು.

"ನೀವು ಯಾರ ಕಡೆಯೋರು?" ಎಂದ ಸೋಮಮ್ಮನ ಅಣ್ಣ.

"ಮೂರ್ನೇ ಹೆಂಡ್ತಿ ಕಡೆ," ಎಂದ ಯಾಸಿನ್, ಹಲ್ಲು ಕಚ್ಚಿ. "ನೀವು?"

"ಮೊದಲ್ನೇದು. ಅಂಗಾದ್ರೆ ಮೊದ್ಲು ನಾವು ಒಡೀತೀವಿ. ಆಮೇಕೆ ನೀವು."

ಜವರಯ್ಯ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಅಂಜುತ್ತಿದ್ದದ್ದು ಏಟಿಗಲ್ಲ, ಸೋಮಮ್ಮ ಟ್ರಾಕ್ಟರು ಹತ್ತಿಬಿಟ್ಟರೆ ಎಂಬುದಕ್ಕೆ. ಎರಡು ದಿನದಿಂದ ಅವರ ಟ್ರಂಕು ಅರ್ಧ ತುಂಬಿಟ್ಟ ಹಾಗೇ ಇತ್ತು.

ಆಗ ಶಿವಶಂಕರ ತನ್ನ ಮನೆಯಿಂದ ಹೊರಗೆ ಬಂದು ಅಣ್ಣನ ಬಾಗಿಲಿಗೆ ಅಡ್ಡ ನಿಂತ. ವಾಹಿದ್ ಸಾಹೇಬರು ಬಂದು ಅವನ ಪಕ್ಕದಲ್ಲಿ ನಿಂತರು.

"ಸರೀರಿ ಭಾಯಿಜಾನ್," ಎಂದ ಯಾಸಿನ್. "ನಿಮ್ಮ ಮರ್ಯಾದೆಗೇ ನಾನು ಬಂದಿರೋದು."

"ಸರಿಯೋ ಹಂಗಿಲ್ಲ ತಮ್ಮಾ," ಎಂದರು ವಾಹಿದ್ ಸಾಹೇಬರು, ಬೇಸರದಿಂದಲೇ. "ಹೊರಗಿನೋರು ಬಂದ್ರೆ ಮೂರು ಮನೇನೂ ಸೇರಿ ಜಗಳ ಆಡ್ಬೇಕು ಅಂತ ರುಜು ಹಾಕಿದೀನಿ."

"ನಾನು ಹೊರಗಿನೋನಾ?"

"ಕಾಗದದ ಪ್ರಕಾರ."

ಯಾಸಿನ್ ನನ್ನ ಕೈಯಲ್ಲಿದ್ದ ಕಾರ್ಡು ಕಿತ್ತುಕೊಂಡು ಓದಿದ. ಓದುತ್ತ ಹೋದಂತೆ ಅವನ ಬೆರಳು ಒಂದು ಕಡೆ ನಿಂತಿತು. "ಭಾಯಿಜಾನ್, ಇದರಲ್ಲಿ ನೀವು ಇವರ ಮಗ. ಅಪ್ಪಂಗೆ ಐವತ್ತು, ಮಗಂಗೆ ಐವತ್ನಾಲ್ಕು." ಕಾರ್ಡನ್ನು ಸೋಮಮ್ಮನ ಅಣ್ಣನಿಗೆ ಕೊಟ್ಟ. ಅವನೂ ಓದಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಯಾರೆಂದು ಈಗಲೂ ಎರಡೂ ಕಡೆಯವರು ವಾದಿಸುತ್ತಾರೆ.

ಹನ್ನೆರಡು ಜನರಿಗೆ ಊಟವಾಗಬೇಕಾಯಿತು. ಸೋಮಮ್ಮನ ಒಲೆಯಲ್ಲಿ ಮುದ್ದೆ, ಅಸ್ಗರಿ ಬೇಗಂ ಅವರಲ್ಲಿ ಕೋಳಿ, ಮಂಚಮ್ಮನಲ್ಲಿ ಅನ್ನ, ಸಾರು. ವಿನಾಯಿತಿಯ ಜಾಡಿಯಿಂದ ಉಪ್ಪಿನಕಾಯಿ ತಾನಾಗಿಯೇ ಹೊರಬಂತು. ಸೋಮಮ್ಮ ಎಲ್ಲರಿಗೂ ಬಡಿಸಿ, ಕೊನೆಗೆ ಜವರಯ್ಯನ ತಟ್ಟೆಗೂ ಒಂದು ಮುದ್ದೆ ಹಾಕಿದರು. ಅಣ್ಣ ಹೊರಟಾಗ ಟ್ರಾಕ್ಟರಿಗೆ ಒಂದು ಮೂಟೆ ನುಗ್ಗೆಕಾಯಿ ಏರಿತೇ ಹೊರತು ಅವರ ಟ್ರಂಕು ಏರಲಿಲ್ಲ.

ಹೆಂಡತಿ ಉಳಿದರು. ಸೀಮೆಎಣ್ಣೆ ಉಳಿಯಲಿಲ್ಲ. ಆ ವರ್ಷ ಕರೆಂಟು ಸಂಜೆಯಾದರೆ ಹೋಗುತ್ತಿತ್ತು. ಮೂರು ಮನೆಗೆ ಬರುತ್ತಿದ್ದದ್ದು ಒಂದು ಮನೆಗೇ ಸಾಲದಷ್ಟು ಎಣ್ಣೆ. ಮೂರು ಮನೆಯ ಮಕ್ಕಳೂ ಮಂಚಮ್ಮನ ಪಡಸಾಲೆಯಲ್ಲಿ ಒಂದೇ ಲಾಟೀನಿನ ಸುತ್ತ ಕೂತು ಓದಿದರು. ಸಕ್ಕರೆ ಹದಿನೈದನೆಯ ತಾರೀಕಿಗೇ ಮುಗಿಯಿತು. ಕಾರ್ಡು ವಾಪಸು ಬೇಕೆಂದು ನಾನು ಅರ್ಜಿ ಬರೆದೆ. ನನ್ನ ಜೀವಮಾನದಲ್ಲಿ 'ಸದರಿ' ಇಲ್ಲದೆ ಬರೆದ ಮೊದಲ ಅರ್ಜಿ ಅದು.

ಸ್ಥಳ ಪರಿಶೀಲನೆಗೆ ಬರುತ್ತೇವೆಂದು ಉತ್ತರ ಬಂತು. ಮೂರು ಮನೆಯೂ ಬೇರೆ ಬೇರೆ ಎಂದು ಕಾಣಿಸಬೇಕಿತ್ತು. ಬೇಲಿ ಹಾಕೋಣವೆಂದರೆ ಕಳ್ಳಿಯನ್ನೆಲ್ಲ ಸುಟ್ಟಾಗಿತ್ತು. ಗೂಟ ನೆಟ್ಟು ಹಗ್ಗ ಕಟ್ಟಿದರು. ಹಗ್ಗ ಕಾಣುವುದಿಲ್ಲವೆಂದು ಸೀರೆ ಇಳಿಬಿಟ್ಟರು. ಅಣ್ಣತಮ್ಮಂದಿರು ಜೋರಾಗಿ ಜಗಳವಾಡಬೇಕೆಂದು ಗೊತ್ತಾಯಿತು. ಮಾತಿಲ್ಲದವರಿಗೆ ಜಗಳ ಕಲಿಸುವುದು ಹೇಗೆ? ನಾನು ಇಬ್ಬರಿಗೂ ಬೇರೆ ಬೇರೆ ಚೀಟಿಯಲ್ಲಿ ಮಾತು ಬರೆದುಕೊಟ್ಟೆ.

ಇನ್ಸ್‌ಪೆಕ್ಟರು ಬಂದು ಹಿತ್ತಲಿನಲ್ಲಿ ಕೂತು ಛತ್ರಿ ಮಡಿಸಿದರು. "ಇದು ಬೇಲಿಯೋ, ಬಟ್ಟೆ ಒಣಗಿಹಾಕಿದ್ದೀರೋ?"

"ಎಲ್ಡೂ ಸಾ," ಎಂದಳು ಮಂಚಮ್ಮ.

ಶಿವಶಂಕರ ಗಂಟಲು ಸರಿಮಾಡಿಕೊಂಡು ಚೀಟಿಯಲ್ಲಿದ್ದುದನ್ನು ಹೇಳಿದ: "ನುಗ್ಗೆಮರ ನಂದು."

ಜವರಯ್ಯನವರಿಗೆ ತಮ್ಮ ಚೀಟಿಯ ಮಾತು ಮರೆತುಹೋಯಿತು. ಒಂಬತ್ತು ವರ್ಷದ ಮೇಲೆ ತಮ್ಮನು ಎದುರಿಗೆ ನಿಂತು ಮಾತಾಡಿದ್ದ. "ಔದು ಕಣ್ಲಾ, ತಕೊ," ಎಂದುಬಿಟ್ಟರು.

ನಾನು ಕೆಮ್ಮಿದೆ. ಶಿವಶಂಕರ ಚೀಟಿ ನೋಡಿದ. ಆಮೇಲೆ ಅದನ್ನು ಮುದುರಿ ಎಸೆದ. "ಈಗ ತಕೊ ಅಂತೀಯಾ? ಒಂಬತ್ತು ವರ್ಸ ಒಂದು ಮಾತು ಆಡಿಸ್ನಿಲ್ವಲ್ಲ. ನನ್ ಮಗ್ಳು ಉಟ್ಟುದಾಗ ಊರೆಲ್ಲ ಬಂದ್ರು. ನೀನು ಬರ್ನಿಲ್ಲ."

"ಬಂದಿದ್ದೆ ಕಣ್ಲಾ."

"ಎಲ್ಲಿಗೆ ಬಂದಿದ್ದೆ?"

"ಬೇಲಿ ತಾವ. ಮಗ ಅಳದು ಕೇಳ್ತಿತ್ತು. ನೀನು ಕರೀತೀಯೇನೊ ಅಂತ ನಿಂತಿದ್ದೆ. ನೀನು ಕರೀನಿಲ್ಲ."

"ನನ್ಗೇನು ಗೊತ್ತು, ಕಳ್ಳಿ ಇಂದೆ ನಿಂತ್ಕಂಡ್ರೆ."

"ಕಳ್ಳಿ ಆಕ್ದೋನು ನೀನೇ ಅಲ್ವೇನ್ಲಾ, ದಡ್ನನ್ಮಗ್ನೆ."

"ನೀನು ದಡ್ಡ. ನೀನು ದಡ್ಡ ಆಗಿದ್ದಕ್ಕೇ ನಮ್ ಮನೇಲಿ ಸಕ್ರೆ ಇಲ್ಲ."

ಅಣ್ಣ ಕೈಯೆತ್ತಿದರು. ಹೊಡೆಯುತ್ತಾರೆಂದುಕೊಂಡೆವು. ತಮ್ಮನ ಹೆಗಲಿನ ಮೇಲೆ ಬಿದ್ದಿದ್ದ ನುಗ್ಗೆ ಎಲೆಯನ್ನು ತೆಗೆದು ಕೆಳಗೆ ಹಾಕಿದರು. ಸೋಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಇನ್ಸ್‌ಪೆಕ್ಟರು ಫೈಲು ಮುಚ್ಚಿದರು. "ನಾನು ಹದಿನೆಂಟು ವರ್ಷದಿಂದ ಮನೆ ಮನೆ ಸುತ್ತಿದ್ದೇನೆ. ಬೇರೆ ಬೇರೆ ಮನೆಯವರು ಇಷ್ಟು ಸಲುಗೆಯಿಂದ ಬೈದಾಡುವುದಿಲ್ಲ. ಇದು ಒಂದೇ ಕುಟುಂಬ. ಕಾರ್ಡು ಒಂದೇ."

ಅವರು ಹೊರಡಲು ಎದ್ದರು.

"ಬಿಸ್ಲಲ್ಲಿ ಬಂದಿದೀರಿ, ಏನೂ ಕುಡೀದೆ ಓಯ್ತೀರಾ?" ಎಂದು ಸೋಮಮ್ಮ ಬೆಲ್ಲದ ಕಾಫಿ ತಂದರು. ಅವರು ಲೋಟ ತುಟಿಗಿಡುವಷ್ಟರಲ್ಲಿ ಅಸ್ಗರಿ ಬೇಗಂ ಏಲಕ್ಕಿ ಕುಟ್ಟಿ ಹಾಕಿದ ಚಾ ತಂದು, "ಕಾಫಿ ಪಿತ್ತ ಸಾಹೇಬ್, ಇದು ತಗೊಳ್ಳಿ," ಎಂದರು. ಮಂಚಮ್ಮ ಇಬ್ಬರನ್ನೂ ಸರಿಸಿ, ಎಮ್ಮೆ ಹಾಲಿಗೆ ಶುಂಠಿ, ಮೆಣಸು ಹಾಕಿ ಕಾಯಿಸಿದ ಲೋಟವನ್ನು ಅವರ ಮುಂದೆ ಕುಕ್ಕಿದಳು. "ಅವೆಲ್ಡೂ ನೀರು. ಇದ ಕುಡೀರಿ ಸಾ."

ಇನ್ಸ್‌ಪೆಕ್ಟರು ಮೂರು ಲೋಟವನ್ನೂ ನೋಡಿದರು. "ಒಂದೇ ಕಡೆ ಒಂದೇ ಕಾಫಿ ಮಾಡಬಾರದಿತ್ತೇ?"

"ಅವ್ರು ಮಾಡೋದು ನಮ್ಗೆ ಸೇರಾಕಿಲ್ಲ ಸಾ," ಎಂದಳು ಮಂಚಮ್ಮ.

"ಇವಳ್ದು ನಂಗೂ ಸೇರಾಕಿಲ್ಲ," ಎಂದರು ಸೋಮಮ್ಮ.

"ಇಬ್ಬರದೂ ನಾನು ಒಂದು ದಿನ ಕುಡ್ದಿಲ್ಲ," ಎಂದರು ಅಸ್ಗರಿ ಬೇಗಂ. "ಚೆನ್ನಾಗಿದೆ ಅಂತ ಸುಳ್ಳು ಹೇಳ್ತೀನಿ, ಅಷ್ಟೆ."

ಇನ್ಸ್‌ಪೆಕ್ಟರು ತಲೆಯೆತ್ತಿ ನೋಡಿದರು. ಮೂರು ಹೆಂಚಿನ ಮಾಡಿನ ಮೇಲೆ ಮೂರು ಕಡೆ ಹೊಗೆ ಏಳುತ್ತಿತ್ತು. ಮತ್ತೆ ಕೂತರು. ಒಂದೊಂದು ಲೋಟದಿಂದಲೂ ಒಂದೊಂದು ಗುಟುಕಿನಂತೆ ಸರದಿಯಲ್ಲಿ, ಯಾರಿಗೂ ಹೆಚ್ಚುಕಡಿಮೆಯಾಗದಂತೆ ಮೂರನ್ನೂ ಖಾಲಿ ಮಾಡಿದರು. ಆಮೇಲೆ ಫೈಲು ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಬರೆದರು. ಪತ್ರ ಬರೆಯುವವನ ಚಾಳಿ, ನಾನು ಅವರ ಹೆಗಲ ಮೇಲಿಂದ ಬಗ್ಗಿ ಓದಿದೆ:

'ಸ್ಥಳ ಪರಿಶೀಲಿಸಲಾಯಿತು. ಒಲೆಗಳು ಮೂರು ಇರುತ್ತವೆ. ಆದ್ದರಿಂದ ಮೂರು ಕಾರ್ಡು ನೀಡಬಹುದಾಗಿದೆ. ಕುಟುಂಬಗಳು ಎಷ್ಟು ಎಂಬುದು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.'